ಮೊದಲು ಗುಳಿ ಅಳೆಯಿರಿ, ಆಮೇಲೆ ಪಿಕಪ್ ಕೊಳ್ಳಿ: ಮನೆಯಲ್ಲೇ ಕಟ್ಟಿದ ಎಲೆಕ್ಟ್ರಿಕ್ ಗಿಟಾರಿಗೆ

ನಮ್ಮ ತೋಟದಲ್ಲಿ ಒಂದು ಸಿಲ್ವರ್ ಓಕ್ ಮರ ಗಾಳಿಗೆ ಬಿತ್ತು. ಅದರದ್ದೊಂದು ಹಲಗೆಯನ್ನು ಅಡುಗೆಮನೆ ಒಲೆಯ ಮೇಲಿನ ಅಟ್ಟದಲ್ಲಿ ಎರಡು ವರ್ಷ ಒಣಗಿಸಿ ಗಿಟಾರಿನ ಮೈ ಕೊರೆದೆ. ಫಿಂಗರ್‌ಬೋರ್ಡಿಗೆ ಅಜ್ಜಿಯ ಕಾಲದ ಮುರಿದ ಬೀಟೆ ಮಂಚದ ಪಟ್ಟಿ. ಮರಕ್ಕೆ ಇಷ್ಟು ಅಕ್ಕರೆ ತೋರಿಸಿದವನು ಪಿಕಪ್ (ತಂತಿಯ ಅಲುಗಾಟವನ್ನು ಆಂಪಿಗೆ ಕಳಿಸುವ ಭಾಗ) ಮಾತ್ರ ಕಣ್ಣು ಮುಚ್ಚಿ ಅಗ್ಗದ ಸೆಟ್ ತಂದು ಹಾಕಿದೆ. ನುಡಿಸಿದರೆ ಯಾರೋ ಕಂಬಳಿ ಹೊದ್ದುಕೊಂಡು ಹಾಡಿದ ಹಾಗೆ ಇತ್ತು.

ಆಮೇಲೆ ಮಾಡಿದ್ದು ಇನ್ನೂ ದೊಡ್ಡ ತಪ್ಪು. ಡಬ್ಬಿಯ ಮೇಲೆ ‘ಹೈ ಔಟ್‌ಪುಟ್’ ಅಂತ ಇದ್ದ ಒಂದು ದುಬಾರಿ ಹಂಬಕರ್, ಅಂದರೆ ಎರಡು ಸುರುಳಿಯ ಪಿಕಪ್, ತರಿಸಿದೆ. ಅದರ ಕಾಲು ಉದ್ದವಾಗಿ, ಮೈಯಲ್ಲಿ ಪಿಕಪ್ಪಿಗೆ ಕೊರೆದ ಗುಳಿಗೆ ಇಳಿಯಲಿಲ್ಲ. ಉಳಿ ಹಿಡಿದು ಗುಳಿ ಆಳ ಮಾಡಿದೆ. ಸದ್ದು ಜೋರಾಯಿತು, ಕಂಬಳಿ ಮಾತ್ರ ಹಾಗೇ ಇತ್ತು. ತಿಂಗಳಾದ ಮೇಲೆ ಮಲ್ಟಿಮೀಟರ್ ಹಿಡಿದಾಗ ಕಾರಣ ಸಿಕ್ಕಿತು. 500 ಕಿಲೋ ಓಮ್ ಅಂದುಕೊಂಡಿದ್ದ ವಾಲ್ಯೂಮ್ ಪಾಟ್ (ಸದ್ದಿನ ಗುಂಡಿಯ ಕೆಳಗಿನ ರೆಸಿಸ್ಟರ್) ನಿಜಕ್ಕೂ 100 ಕಿಲೋ ಓಮಿನದು. ಪಿಕಪ್ಪಿನ ಬೆಲೆಯ ಮುಂದೆ ಅದೊಂದು ಬೆಲೆಯೇ ಅಲ್ಲದ ಸಾಮಾನು.

ಅದಕ್ಕೇ ಈ ಲೇಖನದಲ್ಲಿ ಕೊಳ್ಳುವ ಮಾತು ಸ್ವಲ್ಪ ತಡವಾಗಿ ಬರುತ್ತದೆ. ಮೊದಲು ರೋಗ ಯಾವುದು ನೋಡೋಣ, ಮದ್ದು ಆಮೇಲೆ.

1. ತಪ್ಪು ಪಿಕಪ್ಪಿನದ್ದೇ ಅಂತ ಖಾತ್ರಿ ಮಾಡಿಕೊಳ್ಳಿ

ಪಿಕಪ್ ಅಂದರೆ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳ್ಳಗಿನ ತಾಮ್ರದ ತಂತಿಯ ಸಾವಿರಾರು ಸುತ್ತು, ಅಷ್ಟೆ. ಮೇಲೆ ಉಕ್ಕಿನ ತಂತಿ ಅಲುಗಿದರೆ ಅಯಸ್ಕಾಂತದ ಬಲ ಏರಿಳಿಯುತ್ತದೆ, ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಅದು ಕೇಳಿಸಿಕೊಳ್ಳುವುದು ತಂತಿಯನ್ನು. ಮರದ ಪಾಲು ಇಲ್ಲವೇ ಇಲ್ಲ ಅಂತ ನಾನು ಜಗಳ ಆಡುವುದಿಲ್ಲ. ಆದರೆ ಹಲಸಿನ ಮೈಯೋ ಸಿಲ್ವರ್ ಓಕ್ ಮೈಯೋ ಅನ್ನುವುದಕ್ಕಿಂತ ಪಿಕಪ್ ತಂತಿಗೆ ಎಷ್ಟು ಹತ್ತಿರ ಇದೆ ಅನ್ನುವುದು ಹತ್ತು ಪಟ್ಟು ಜಾಸ್ತಿ ಕೇಳಿಸುತ್ತದೆ.

ಹಾಗಾಗಿ ಮೊದಲ ಕೆಲಸ ಸ್ಕ್ರೂಡ್ರೈವರಿನದು. ಒಂದನೇ ಮತ್ತು ಆರನೇ ತಂತಿಯನ್ನು ಕಟ್ಟಕಡೆಯ ಫ್ರೆಟ್ಟಿನಲ್ಲಿ ಒತ್ತಿ ಹಿಡಿಯಿರಿ. ತಂತಿಯ ತಳಕ್ಕೂ ಪಿಕಪ್ಪಿನ ಕಂಬಕ್ಕೂ (ಪ್ರತಿ ತಂತಿಯ ಕೆಳಗೆ ಕಾಣುವ ಲೋಹದ ತುದಿ) ಇರುವ ಸಂದು ಅಳೆಯಿರಿ. ಹಂಬಕರ್ ಆದರೆ ಎರಡೂ ಕಡೆ ಸುಮಾರು 1.6 ಮಿ.ಮೀ.ನಿಂದ ಶುರು ಮಾಡಿ. ಸಾಮಾನ್ಯ ಸಿಂಗಲ್ ಕಾಯಿಲ್ (ಒಂಟಿ ಸುರುಳಿಯ ಪಿಕಪ್) ಆದರೆ ದಪ್ಪ ತಂತಿಯ ಕಡೆ 2 ಮಿ.ಮೀ., ತೆಳು ತಂತಿಯ ಕಡೆ 1.6 ಮಿ.ಮೀ. ಸದ್ದು ಮಂಕಾಗಿ ಒತ್ತಿಕೊಂಡಿದ್ದರೆ ಅರ್ಧ ಮಿ.ಮೀ. ಇಳಿಸಿ ನೋಡಿ. ಸಿಂಗಲ್ ಕಾಯಿಲನ್ನು ತೀರಾ ಮೇಲೆ ಏರಿಸಿದರೆ ಅದರ ಅಯಸ್ಕಾಂತ ತಂತಿಯನ್ನೇ ಎಳೆಯುತ್ತದೆ. ಆರನೇ ತಂತಿಯನ್ನು ಮೇಲಿನ ಫ್ರೆಟ್ಟುಗಳಲ್ಲಿ ನುಡಿಸಿದರೆ ಒಂದೇ ಸ್ವರ ಎರಡಾಗಿ ತೇಲಾಡುತ್ತದೆ. ಶ್ರುತಿ ಕೂರುತ್ತಿಲ್ಲ ಅಂತ ತಂತಿಗಳ ಬುಡದ ಬ್ರಿಡ್ಜನ್ನು ಬೈಯುವ ಎಷ್ಟೋ ಜನರ ನಿಜವಾದ ತೊಂದರೆ ಇದೇ.

ಎರಡನೆಯದು ಪಾಟ್. ಪಿಕಪ್ಪಿನ ತಂತಿ ಬಿಡಿಸಿ, ಪಾಟಿನ ಆಚೀಚೆ ಎರಡು ಕಾಲುಗಳಿಗೆ ಮೀಟರ್ ಇಡಿ. ಸಿಂಗಲ್ ಕಾಯಿಲಿಗೆ 250 ಕಿಲೋ ಓಮ್, ಹಂಬಕರಿಗೆ 500 ಕಿಲೋ ಓಮ್ ರೂಢಿ. ಪಾಟಿನ ಓಮ್ ಕಮ್ಮಿಯಾದಷ್ಟೂ ತೀಕ್ಷ್ಣ ಸ್ವರ ಕಮ್ಮಿ. ಪಾಟಿನ ಮೇಲೆ ಬರೆದ ಅಂಕಿಗಿಂತ ಶೇ. 20ರಷ್ಟು ಆಚೀಚೆ ಇರುವುದು ಮಾಮೂಲು, ಆದ್ದರಿಂದ ಅಂಗಡಿಯಲ್ಲೇ ಅಳೆದು ಆರಿಸಿ. ನಮ್ಮ ಕಡೆಯ ರೇಡಿಯೋ, ಟಿವಿ ರಿಪೇರಿ ಅಂಗಡಿಯಲ್ಲಿ 500 ಕೇಳಿದರೆ 470 ಕೊಡುತ್ತಾರೆ, 250 ಕೇಳಿದರೆ 220. ಸುಮ್ನೆ ತಗೊಳ್ಳಿ, ಕಿವಿಗೆ ಏನೂ ವ್ಯತ್ಯಾಸ ಆಗುವುದಿಲ್ಲ. ಆದರೆ ಎರಡು ವಿಷಯ ಗಮನಿಸಿ. ವಾಲ್ಯೂಮಿಗೆ ‘ಎ’ ಗುರುತಿನ ಲಾಗ್ ಪಾಟ್ ಕೇಳಿ. ‘ಬಿ’ ಗುರುತಿನದ್ದು ಹಾಕಿದರೆ ಗುಂಡಿ ತಿರುಗಿಸುವಾಗ ಸದ್ದು ಕೊನೆಯಲ್ಲಿ ದಢಕ್ಕನೆ ಬಿದ್ದ ಹಾಗೆ ಆಗುತ್ತದೆ. ಮತ್ತೆ ಪಾಟಿನ ಕತ್ತಿನ ದಪ್ಪ: ಸಣ್ಣದಕ್ಕೆ 7 ಮಿ.ಮೀ. ತೂತು, ಅಮೆರಿಕದ ದೊಡ್ಡದಕ್ಕೆ 9.5 ಮಿ.ಮೀ.

ಟೋನ್ ಕೆಪಾಸಿಟರ್ ಅಂತೂ ಚಿಲ್ಲರೆ ಕಾಸು. ಹಂಬಕರಿಗೆ 223 ಅಂತ ಬರೆದದ್ದು, ಅಂದರೆ 0.022 ಮೈಕ್ರೋಫ್ಯಾರಡ್. ಸಿಂಗಲ್ ಕಾಯಿಲಿಗೆ 473, ಅಂದರೆ 0.047. ಇದರಲ್ಲಿ ಹಳೆಯ ಕಾಲದ್ದು, ಎಣ್ಣೆ ತುಂಬಿದ್ದು ಅಂತ ಸಾವಿರಾರು ರೂಪಾಯಿ ಕೊಡುವವರಿದ್ದಾರೆ. ನಾನು ಕೊಡುವುದಿಲ್ಲ.

ಇಷ್ಟು ಮಾಡಿ ಹೊಸ ತಂತಿ ಹಾಕಿದ ಮೇಲೂ ಸದ್ದು ಮನಸ್ಸಿಗೆ ಬರಲಿಲ್ಲವಾ? ಹಾಗಾದರೆ ಮುಂದೆ ಓದಿ. ಏನು ಕಮ್ಮಿ ಅನಿಸುತ್ತದೆ ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದಿಡಿ. ‘ನೆಕ್ ಪಿಕಪ್ ಕೆಸರು ಕೆಸರು’, ‘ಬ್ರಿಡ್ಜ್ ಪಿಕಪ್ ಕಿವಿ ಚುಚ್ಚುತ್ತದೆ’, ‘ಡಿಸ್ಟಾರ್ಷನ್ ಹಾಕಿದರೆ ಕಿರಿಚುತ್ತದೆ’. ಬರೆಯಲಿಕ್ಕೆ ಬರದಿದ್ದರೆ ಕೊಳ್ಳುವ ಹೊತ್ತು ಇನ್ನೂ ಬಂದಿಲ್ಲ.

2. ನಿಮ್ಮ ಮನೆಯ ಕರೆಂಟನ್ನು ಕೇಳಿ

ಬೇರೆ ಊರಿನವರು ಬರೆದ ಸಲಹೆಗಳಲ್ಲಿ ಈ ಮಾತು ಕಮ್ಮಿ. ಕೊಡಗಿನವರಿಗೆ ನನ್ನ ಮಟ್ಟಿಗೆ ಇದೇ ಮೊದಲ ಪ್ರಶ್ನೆ.

ನಮ್ಮ ಕರೆಂಟ್ ಸೆಕೆಂಡಿಗೆ 50 ಸಲ ಏರಿಳಿಯುತ್ತದೆ. ಒಂಟಿ ಸುರುಳಿಯ ಪಿಕಪ್ ಆ ಗೂಂಯ್ ಸದ್ದನ್ನು ತಂತಿಯ ಸದ್ದಿನ ಜೊತೆಗೇ ಹಿಡಿದುಕೊಳ್ಳುತ್ತದೆ. ಮುಂಗಾರಿನಲ್ಲಿ ಮರ ಬಿದ್ದು ಲೈನ್ ಹೋದರೆ ನಮ್ಮ ಕಡೆ ಎರಡು ಮೂರು ದಿನ ಇನ್ವರ್ಟರೇ ಗತಿ, ಅಲ್ವಾ? ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಗೂಂಯ್ ಹೋಗಿ ಝುಂಯ್ ಅನ್ನುವ ಚುಚ್ಚು ಸದ್ದು ಬರುತ್ತದೆ. ಫ್ಯಾನ್ ರೆಗ್ಯುಲೇಟರ್, ಅಗ್ಗದ ಎಲ್‌ಇಡಿ ಬಲ್ಬ್ ಇವೂ ಸೇರಿಕೊಳ್ಳುತ್ತವೆ. ಪರೀಕ್ಷೆ ಸುಲಭ. ಆಂಪ್ ಜೋರು ಮಾಡಿ, ನೀವು ನುಡಿಸುವ ಜಾಗದಲ್ಲೇ ಕೂತು, ಗಿಟಾರ್ ಹಿಡಿದು ನಿಧಾನ ಸುತ್ತಿ. ದಿಕ್ಕು ಬದಲಾದ ಹಾಗೆ ಸದ್ದು ಏರಿಳಿದರೆ ಅದು ಸುರುಳಿ ಹಿಡಿಯುತ್ತಿರುವ ಗೂಂಯ್. ಇದಕ್ಕೆ ಎರಡು ಸುರುಳಿಯ ಪಿಕಪ್ಪೇ ಮದ್ದು. ದಿಕ್ಕು ಬದಲಾದರೂ ಸದ್ದು ಅಷ್ಟೇ ಇದ್ದು, ತಂತಿ ಮುಟ್ಟಿದಾಗ ಕಮ್ಮಿ ಆದರೆ ಗುಳಿಗೆ ತಾಮ್ರದ ಟೇಪ್ ಹಚ್ಚಿ, ಅದನ್ನು ಅರ್ತಿಗೆ (ಅರ್ಥಿಂಗ್ ತಂತಿಗೆ) ಬೆಸೆದರೆ ಬಹುಪಾಲು ಅಡಗುತ್ತದೆ. ತಂತಿ ಮುಟ್ಟಿದಾಗ ಸದ್ದು ಜಾಸ್ತಿಯಾದರೆ ವೈರಿಂಗ್ ತಪ್ಪಿದೆ.

ಮುಟ್ಟಿದಾಗ ಕೈ ಜುಮ್ ಅಂದರೆ ಅಲ್ಲಿಗೇ ನಿಲ್ಲಿಸಿ. ಗಿಟಾರಿನ ತಂತಿ ಆಂಪಿನ ಅರ್ತಿಗೆ ಸೇರಿರುತ್ತದೆ. ಹಳೆಯ ಮನೆಗಳಲ್ಲಿ ಮೂರನೇ ಪಿನ್ನಿಗೆ ಏನೂ ಕೊಡದೇ ಬಿಟ್ಟಿರುವುದು ಉಂಟು. ಒದ್ದೆ ನೆಲ, ಬರಿಗಾಲು, ಅರ್ತಿ ಇಲ್ಲದ ಪ್ಲಗ್ ಇವು ಮೂರೂ ಸೇರಿದರೆ ಪ್ರಾಣಕ್ಕೇ ಕುತ್ತು. ಎಲೆಕ್ಟ್ರಿಷಿಯನ್ನನ್ನು ಕರೆಸಿ ಅರ್ತಿಂಗ್ ಸರಿ ಮಾಡಿಸಿ, ಆಮೇಲೆ ಪಿಕಪ್ ಮಾತು. ಏಪ್ರಿಲ್, ಮೇ ತಿಂಗಳ ಗುಡುಗಿನ ಸಂಜೆ ಆಂಪಿನ ಪ್ಲಗ್ ಕಿತ್ತಿಡಿ.

3. ಸ್ಕೇಲ್ ಹಿಡಿದು ಕೂರಿ

ಕಾರ್ಖಾನೆಯ ಗಿಟಾರ್ ಆದರೆ ಅಳತೆ ಗೊತ್ತಿರುತ್ತದೆ. ನಾವು ಕೊರೆದ ಗುಳಿ ನಮ್ಮ ಕೈ ನಡುಗಿದ ಹಾಗೆ ಇರುತ್ತದೆ. ಮಳೆಗಾಲದಲ್ಲಿ ಪಾರ್ಸೆಲ್ ಬೆಂಗಳೂರಿನಿಂದ ನಮ್ಮನೆ ತಲುಪುವುದೇ ಒಂದು ಸಾಹಸ, ವಾಪಸ್ ಕಳಿಸುವುದು ಇನ್ನೊಂದು. ಹತ್ತು ನಿಮಿಷ ಅಳತೆಗೆ ಕೊಡಿ.

ಗುಳಿಯ ಉದ್ದ, ಅಗಲ ಮೊದಲು. ಹಂಬಕರ್ ಮೈ ಸುಮಾರು 70 ಮಿ.ಮೀ. ಉದ್ದ, 38 ಮಿ.ಮೀ. ಅಗಲ. ಸ್ಟ್ರಾಟ್ (ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್ ಗಿಟಾರ್) ಮಾದರಿಯ ಸಿಂಗಲ್ ಕಾಯಿಲ್ ಮೇಲೆ ನೋಡಿದರೆ 70ಕ್ಕೆ 18, ಆದರೆ ಅದರ ಅಡಿಪಟ್ಟಿ 83 ಮಿ.ಮೀ.ವರೆಗೆ ಚಾಚಿರುತ್ತದೆ. ಇನ್ನು ಆಳ. ಹಂಬಕರಿನ ಎರಡು ಬದಿಯ ಕಾಲಿನಲ್ಲಿ ಗಿಡ್ಡದ್ದೂ ಉಂಟು, ಉದ್ದದ್ದೂ ಉಂಟು. ಗುಳಿ ಆಳ ಇಲ್ಲದಿದ್ದರೆ ಗಿಡ್ಡ ಕಾಲಿನದು ಕೇಳಿ, ಇಲ್ಲವೇ ಕಾಲು ಕೂರುವಲ್ಲಿ ಮಾತ್ರ ಡ್ರಿಲ್ಲಿನಿಂದ ತೂತು ಇಳಿಸಿ. ನನ್ನ ಹಾಗೆ ಇಡೀ ಗುಳಿ ಕೆತ್ತಬೇಡಿ.

ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ಒಂದನೇ ತಂತಿಯ ನಡುವಿನಿಂದ ಆರನೇ ತಂತಿಯ ನಡುವಿಗೆ ಎಷ್ಟು? ಪಿಕಪ್ ಕೂರುವ ಜಾಗದಲ್ಲೇ ಅಳೆಯಿರಿ, ಬ್ರಿಡ್ಜಿನಲ್ಲಿ ಅಲ್ಲ. ತಂತಿಗಳು ನೆಕ್ಕಿನ ಕಡೆ ಹೋದ ಹಾಗೆ ಹತ್ತಿರವಾಗುತ್ತವೆ. ಹಂಬಕರುಗಳಲ್ಲಿ ಕಂಬದಿಂದ ಕಂಬಕ್ಕೆ ಸುಮಾರು 49-50 ಮಿ.ಮೀ. ಇರುವುದು ಒಂದು ಜಾತಿ, 51-53 ಮಿ.ಮೀ. ಇರುವುದು ಇನ್ನೊಂದು. ಎರಡನೆಯದಕ್ಕೆ ಎಫ್-ಸ್ಪೇಸ್ ಅನ್ನುತ್ತಾರೆ. ಅರ್ಧ ಮಿ.ಮೀ. ತಪ್ಪಿದರೆ ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕಿಂತ ಜಾಸ್ತಿಯಾದರೆ ನೋಡಲಿಕ್ಕೂ ಸರಿ ಇಲ್ಲ, ಕೊನೆಯ ತಂತಿಯೂ ಸಣ್ಣಗೆ ಕೇಳುತ್ತದೆ ಅನ್ನುವ ಅನುಮಾನ ಮನಸ್ಸಿನಲ್ಲಿ ಕೊರೆಯುತ್ತಾ ಇರುತ್ತದೆ. ಬ್ರಿಡ್ಜನ್ನೇ ಸ್ವಲ್ಪ ಓರೆ ಕೂರಿಸಿದವರು ಕಂಬಗಳ ಬದಲು ಉದ್ದಕ್ಕೂ ಒಂದೇ ಪಟ್ಟಿ ಇರುವ ರೈಲ್ ಪಿಕಪ್ ತಗೊಳ್ಳಿ. ತಂತಿ ಎಲ್ಲಿ ಬಂದರೂ ಅದಕ್ಕೆ ಲೆಕ್ಕ ಇಲ್ಲ.

4. ಯಾವ ಜಾತಿ

ಒಂಟಿ ಸುರುಳಿಯದ್ದು ಹಳೆಯದು. ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್ 1954ರಲ್ಲಿ ಮೂರು ಸಿಂಗಲ್ ಕಾಯಿಲ್ ಇಟ್ಟುಕೊಂಡೇ ಬಂತು. ಗಾಜಿನ ಲೋಟಕ್ಕೆ ಚಮಚ ತಾಗಿಸಿದ ಹಾಗೆ ಸ್ಪಷ್ಟ, ಬೆರಳಿನ ಸಣ್ಣ ಒತ್ತಡವೂ ಕೇಳುತ್ತದೆ. ಜೊತೆಗೆ ಗೂಂಯ್.

ಆ ಗೂಂಯ್ ತೆಗೆಯಲಿಕ್ಕೆ ಗಿಬ್ಸನ್ ಕಂಪನಿಯ ಸೆತ್ ಲವರ್ ಎರಡು ಸುರುಳಿ ಪಕ್ಕ ಪಕ್ಕ ಇಟ್ಟರು. ಒಂದರ ಸುತ್ತು ಬಲಕ್ಕೆ ಅಂದರೆ ಇನ್ನೊಂದರದ್ದು ಎಡಕ್ಕೆ, ಅಯಸ್ಕಾಂತದ ಧ್ರುವವೂ ಉಲ್ಟಾ. ಹೊರಗಿನ ಗೂಂಯ್ ಒಂದರಲ್ಲಿ ಮೇಲಕ್ಕೆ, ಇನ್ನೊಂದರಲ್ಲಿ ಕೆಳಕ್ಕೆ ಬಂದು ಪರಸ್ಪರ ಕಳೆದುಹೋಗುತ್ತದೆ. ತಂತಿಯ ಸದ್ದಿಗೆ ಎರಡೂ ತಿರುವುಮುರುವು ಆಗಿರುವುದರಿಂದ ಅದು ಕೂಡಿಕೊಳ್ಳುತ್ತದೆ. 1955ರಲ್ಲಿ ಪೇಟೆಂಟಿಗೆ ಅರ್ಜಿ ಹೋಯಿತು, 1959ರಲ್ಲಿ ಸಿಕ್ಕಿತು. ಅರ್ಜಿ ಹಾಕಿದ್ದೇವೆ ಅನ್ನುವ ಚೀಟಿ ಅಂಟಿಸಿ ಮಾರಿದ ಆ ಕಾಲದ ಪಿಕಪ್ಪಿಗೆ ಪಿಎಎಫ್ ಅಂತ ಹೆಸರು ಬಿತ್ತು. ಇವತ್ತಿಗೂ ‘ಪಿಎಎಫ್ ಮಾದರಿ’ ಅಂದರೆ ಹದವಾಗಿ ಸುತ್ತಿದ, ಅಬ್ಬರ ಇಲ್ಲದ ಹಂಬಕರ್ ಅಂತ ಅರ್ಥ.

ಇವೆರಡರ ನಡುವೆ ಪಿ-90 ಇದೆ. ಒಂಟಿ ಸುರುಳಿಯೇ, ಆದರೆ ಅಗಲ. ಸ್ವಲ್ಪ ಒರಟು ದನಿ, ನನಗೆ ಬಹಳ ಇಷ್ಟ. ಹಂಬಕರ್ ಗುಳಿಗೆ ಕೂರುವ ಅಳತೆಯಲ್ಲೂ ಸಿಗುತ್ತದೆ. ಗೂಂಯ್ ಮಾತ್ರ ಧಾರಾಳವಾಗಿ ಬರುತ್ತದೆ. ಮಡಿಕೇರಿ ದಸರಾ ಹೊತ್ತಿಗೆ ನಮ್ಮ ಹುಡುಗರು ವೇದಿಕೆ ಹತ್ತಿದಾಗ ಒಮ್ಮೆ ನನ್ನ ಪಿ-90 ಗಿಟಾರ್ ಕೊಟ್ಟಿದ್ದೆ. ಸುತ್ತ ಲೈಟಿಂಗ್, ಜನರೇಟರ್. ಹಾಡು ನಿಂತ ಕೂಡಲೇ ಗಿಟಾರು ಹೆಜ್ಜೇನು ಎದ್ದ ಹಾಗೆ ಗುಂಯ್‌ಗುಟ್ಟಿತು. ಸೌಂಡಿನವರು ಬಂದು ‘ಅಣ್ಣ, ಮುಂದಿನ ಸಲ ಬೇರೆ ಗಿಟಾರ್ ತನ್ನಿ’ ಅಂದರು.

ಸ್ಟ್ರಾಟ್ ಗುಳಿ ಕೊರೆದಾಗಿದೆ, ಆದರೆ ಗೂಂಯ್ ಬೇಡ ಅನ್ನುವವರಿಗೆ ಒಂದರ ಮೇಲೊಂದು ಸುರುಳಿ ಇಟ್ಟ, ಅಥವಾ ಎರಡು ತೆಳು ರೈಲ್ ಇರುವ ಸಿಂಗಲ್ ಅಳತೆಯ ಹಂಬಕರ್ ಇವೆ. ನಿಜವಾದ ಸಿಂಗಲ್ ಕಾಯಿಲಿನ ಹೊಳಪು ಪೂರ್ತಿ ಬರುವುದಿಲ್ಲ, ಮುಕ್ಕಾಲು ಪಾಲು ಬರುತ್ತದೆ. ಅಥವಾ ಮೂರು ಸಿಂಗಲ್ ಸೆಟ್ ಕೊಳ್ಳುವಾಗ ನಡುವಿನದ್ದು ಉಲ್ಟಾ ಸುತ್ತಿ, ಉಲ್ಟಾ ಧ್ರುವ ಇಟ್ಟಿದ್ದಾ ಅಂತ ಕೇಳಿ. ಹಾಗಿದ್ದರೆ ಐದು ಜಾಗದ ಸ್ವಿಚ್ಚಿನ ಎರಡನೇ ಮತ್ತು ನಾಲ್ಕನೇ ಜಾಗದಲ್ಲಿ ಗೂಂಯ್ ಪುಕ್ಕಟೆ ಹೋಗುತ್ತದೆ.

ಒಳಗೇ ಪುಟ್ಟ ಆಂಪ್ ಇರುವ ಆಕ್ಟಿವ್ ಪಿಕಪ್ ಬಗ್ಗೆ ಎರಡೇ ಮಾತು. 9 ವೋಲ್ಟ್ ಬ್ಯಾಟರಿ ಬೇಕು, 25 ಕಿಲೋ ಓಮ್ ಪಾಟ್ ಬೇಕು, ಬ್ಯಾಟರಿಗೆ ಜಾಗ ಕೊರೆಯಬೇಕು. ಕೇಬಲ್ ಸಿಕ್ಕಿಸಿಟ್ಟು ಮಲಗಿದರೆ ಬೆಳಿಗ್ಗೆಯೂ ಬ್ಯಾಟರಿ ತಿನ್ನುತ್ತಲೇ ಇರುತ್ತದೆ. ಜೋರು ಮೆಟಲ್ ನುಡಿಸುವವರಿಗೆ ಚೆಂದ. ಮೊದಲ ಗಿಟಾರ್ ಕಟ್ಟಿದವರಿಗೆ ನಾನು ಹೇಳುವುದಿಲ್ಲ.

ನನ್ನ ಶಿಫಾರಸು ಕೇಳಿದರೆ: ಮನೆಯಲ್ಲಿ, ಹೋಮ್‌ಸ್ಟೇ ಅಂಗಳದಲ್ಲಿ, ಚರ್ಚಿನಲ್ಲಿ, ಮದುವೆಯಲ್ಲಿ, ಎಲ್ಲ ಕಡೆ ಒಂದೇ ಗಿಟಾರ್ ಹೊತ್ತು ತಿರುಗುವವರು ಬ್ರಿಡ್ಜಿನಲ್ಲಿ ಹದವಾದ ಹಂಬಕರ್ ಇಡಿ. ಅದರಲ್ಲಿ ನಾಲ್ಕು ವೈರ್ (ಸುರುಳಿಗೆ ಎರಡರಂತೆ) ಹೊರಗೆ ಬಂದಿರಲಿ. ಬೇಕಾದಾಗ ಒಂದು ಸುರುಳಿ ಮಾತ್ರ ನುಡಿಸುವ ಸ್ವಿಚ್ ಹಾಕಬಹುದು. ಆಗ ಸದ್ದು ಸಣ್ಣದಾಗುತ್ತದೆ, ಗೂಂಯ್ ವಾಪಸ್ ಬರುತ್ತದೆ, ಆದರೂ ಒಂದು ಹಾಡಿಗೆ ಸಾಕು.

5. ಡಬ್ಬಿಯ ಮೇಲಿನ ಅಂಕಿ

ಮಾರುವವರು ಮೊದಲು ಹೇಳುವುದು ಕಿಲೋ ಓಮ್ ಲೆಕ್ಕ. ಹಳೆಯ ಮಾದರಿ ಸ್ಟ್ರಾಟ್ ಪಿಕಪ್ 5.5ರಿಂದ 6.5, ಪಿಎಎಫ್ ಮಾದರಿ 7ರಿಂದ 8.5, ಜೋರಿನವು 13, 16 ಹೀಗೆ. ಜಾಸ್ತಿ ಓಮ್ ಅಂದರೆ ಜಾಸ್ತಿ ಬಲ ಅಂತ ನಾನೂ ನಂಬಿದ್ದೆ. ಅರ್ಧ ಸತ್ಯ. ತೆಳ್ಳಗಿನ 43 ಗೇಜ್ ತಂತಿ ಸುತ್ತಿದರೆ ಅಷ್ಟೇ ಸುತ್ತಿಗೆ 42 ಗೇಜಿಗಿಂತ ಓಮ್ ಜಾಸ್ತಿ ತೋರಿಸುತ್ತದೆ, ಬಲ ಜಾಸ್ತಿ ಆಗಿರುವುದಿಲ್ಲ. ಹಾಗಾಗಿ ಒಂದೇ ಕಂಪನಿಯ ಒಂದೇ ಜಾತಿಯ ಎರಡು ಪಿಕಪ್ ಹೋಲಿಸಲಿಕ್ಕೆ ಮಾತ್ರ ಈ ಅಂಕಿ ಉಪಯೋಗ.

ಇನ್ನೊಂದು ತಮಾಷೆ. ತಾಮ್ರದ ಓಮ್ ಒಂದು ಡಿಗ್ರಿಗೆ ಶೇ. 0.4ರಷ್ಟು ಏರುತ್ತದೆ. ಮಡಿಕೇರಿಯ 15 ಡಿಗ್ರಿ ಚಳಿಯ ಬೆಳಿಗ್ಗೆ 8.0 ತೋರಿಸಿದ ಪಿಕಪ್, 30 ಡಿಗ್ರಿ ಮಧ್ಯಾಹ್ನ ಸುಮಾರು 8.5 ತೋರಿಸುತ್ತದೆ. ಡಬ್ಬಿಯ ಅಂಕಿಗೆ ತಾಳೆಯಾಗಲಿಲ್ಲ ಅಂತ ಅಂಗಡಿಯವರ ಜೊತೆ ಜಗಳಕ್ಕೆ ಹೋಗುವ ಮೊದಲು ಥರ್ಮಾಮೀಟರ್ ನೋಡಿ.

ಓಮಿಗಿಂತ ನಂಬಬಹುದಾದ ಅಂಕಿ ಹೆನ್ರಿ, ಅಂದರೆ ಇಂಡಕ್ಟನ್ಸ್. ಕೊಟ್ಟಿದ್ದರೆ ನೋಡಿ. ಸ್ಟ್ರಾಟ್ ಮಾದರಿಗೆ 2ರಿಂದ 2.5 ಹೆನ್ರಿ, ಪಿಎಎಫ್ ಮಾದರಿಗೆ 4ರಿಂದ 5, ಜೋರಿನದ್ದಕ್ಕೆ 8ರ ಹತ್ತಿರ. ಅಂಕಿ ಏರಿದ ಹಾಗೆ ದನಿ ದಪ್ಪ, ಹೊಳಪು ಕಮ್ಮಿ. ಕಂಬಳಿ ಸದ್ದಿನಿಂದ ಬೇಸತ್ತವರು ಕೆಳಗಿನ ಅಂಕಿಗೆ ಹೋಗಬೇಕು. ನಾನು ಮಾಡಿದ್ದು ಉಲ್ಟಾ.

ಅಯಸ್ಕಾಂತದ ವಿಷಯ ಚಿಕ್ಕದು. ಆಲ್ನಿಕೋ 2 ಮೆತ್ತಗೆ, ಆಲ್ನಿಕೋ 5 ಅದಕ್ಕಿಂತ ಗಟ್ಟಿ ಮತ್ತು ಚುರುಕು. ಸೆರಾಮಿಕ್ ಅಗ್ಗ, ಅದಕ್ಕೇ ಕೆಟ್ಟದ್ದು ಅನ್ನುವ ಹೆಸರು. ಆದರೆ ಲ್ಯಾರಿ ಡಿಮಾರ್ಜಿಯೋ 1970ರ ದಶಕದಲ್ಲಿ ಹೆಸರು ಮಾಡಿದ ಸೂಪರ್ ಡಿಸ್ಟಾರ್ಷನ್ ಪಿಕಪ್ಪಿನಲ್ಲಿ ಇದ್ದದ್ದು ಸೆರಾಮಿಕ್ಕೇ.

ಸೆಟ್ ಕೊಂಡರೆ ಬ್ರಿಡ್ಜಿನದ್ದನ್ನು ಬ್ರಿಡ್ಜಿಗೇ ಹಾಕಿ. ನೆಕ್ಕಿನ ಹತ್ತಿರ ತಂತಿ ಅಗಲವಾಗಿ ಅಲುಗುತ್ತದೆ, ಬ್ರಿಡ್ಜಿನ ಹತ್ತಿರ ಕಮ್ಮಿ. ಅದನ್ನು ಸರಿದೂಗಿಸಲಿಕ್ಕೆ ಬ್ರಿಡ್ಜಿನದ್ದಕ್ಕೆ ಸುತ್ತು ಜಾಸ್ತಿ ಕೊಟ್ಟಿರುತ್ತಾರೆ.

ಮೇಣದಲ್ಲಿ ಅದ್ದಿದ್ದಾ ಅಂತಲೂ ಕೇಳಿ. ಸುರುಳಿ ಸಡಿಲ ಇದ್ದರೆ ಜೋರು ಡಿಸ್ಟಾರ್ಷನ್ನಿಗೆ ಪಿಕಪ್ ಕಿರಿಚುತ್ತದೆ. ಪ್ಯಾರಾಫಿನ್ನಿಗೆ ಐದನೇ ಒಂದು ಪಾಲು ಜೇನುಮೇಣ ಬೆರೆಸಿ ಅದ್ದುವುದು ರೂಢಿ. ನಮ್ಮಲ್ಲಿ ಜೇನುಮೇಣಕ್ಕೆ ಬರ ಇಲ್ಲ, ನಾನೇ ಅದ್ದುತ್ತೇನೆ ಅಂತ ಹೊರಡುವವರಿಗೆ ಎಚ್ಚರಿಕೆ: ಬಿಸಿ 65 ಡಿಗ್ರಿ ದಾಟಿದರೆ ತಂತಿ ಸುತ್ತಿರುವ ಪ್ಲಾಸ್ಟಿಕ್ ಬಾಬಿನ್ ಸೊಟ್ಟಗಾಗುತ್ತದೆ. ಮೇಣದ ಪಾತ್ರೆಯನ್ನು ನೇರ ಬೆಂಕಿಗೆ ಇಟ್ಟರೆ ಹೊತ್ತಿಕೊಳ್ಳುತ್ತದೆ. ಬಿಸಿನೀರಿನ ಪಾತ್ರೆಯೊಳಗೆ ಇಟ್ಟೇ ಕರಗಿಸಬೇಕು. ಕೆಟ್ಟ ಹಳೆಯ ಪಿಕಪ್ಪಿನ ಮೇಲೆ ಮೊದಲು ಕೈ ಪಳಗಲಿ.

6. ಬೆಸುಗೆ ಹಾಕುವ ಮೊದಲು

ಹಂಬಕರಿನ ನಾಲ್ಕು ವೈರಿನ ಬಣ್ಣ ಕಂಪನಿಗೊಂದು. ಸೀಮೋರ್ ಡಂಕನ್‌ನಲ್ಲಿ ಕಪ್ಪು ಸದ್ದಿನದು, ಹಸಿರು ಅರ್ತಿ, ಕೆಂಪು-ಬಿಳಿ ಒಟ್ಟಿಗೆ ಬೆಸೆಯುವುದು. ಡಿಮಾರ್ಜಿಯೋದಲ್ಲಿ ಕೆಂಪು ಸದ್ದಿನದು, ಹಸಿರು ಅರ್ತಿ, ಕಪ್ಪು-ಬಿಳಿ ಒಟ್ಟಿಗೆ. ಬರಿ ತಂತಿ ಎರಡರಲ್ಲೂ ಅರ್ತಿಗೆ. ಅಗ್ಗದ ಸೆಟ್ಟಿಗೆ ಕಾಗದ ಬಂದಿರುವುದಿಲ್ಲ, ಮೀಟರ್ ಇಟ್ಟು ಹುಡುಕಬೇಕು. ಓಮ್ ತೋರಿಸುವ ಜೋಡಿ ಒಂದು ಸುರುಳಿ.

ಬೇರೆ ಬೇರೆ ಕಂಪನಿಯ ಎರಡು ಪಿಕಪ್ ಹಾಕುವುದಾದರೆ ಫೇಸ್, ಅಂದರೆ ಎರಡರ ಸದ್ದೂ ಒಟ್ಟಿಗೇ ಏರಿಳಿಯುತ್ತದಾ ಅಂತ ನೋಡಿ. ಮುಳ್ಳಿನ ಮೀಟರ್ ಇದ್ದರೆ ಒಳ್ಳೆಯದು. ಪಿಕಪ್ಪಿನ ಎರಡು ತುದಿಗೆ ಮೀಟರ್ ಸಿಕ್ಕಿಸಿ, ಸ್ಕ್ರೂಡ್ರೈವರ್ ತುದಿಯನ್ನು ಕಂಬಕ್ಕೆ ಮೆಲ್ಲಗೆ ತಾಗಿಸಿ. ಮುಳ್ಳು ಯಾವ ಕಡೆ ಹೊರಳಿತು ನೋಡಿ. ಎರಡನೇ ಪಿಕಪ್ಪಿಗೂ ಅದೇ ಕಡೆ ಹೊರಳಬೇಕು. ಇಲ್ಲದಿದ್ದರೆ ಎರಡೂ ಸೇರಿಸಿ ನುಡಿಸಿದಾಗ ಸದ್ದು ಮೂಗಿನಲ್ಲಿ ಮಾತಾಡಿದ ಹಾಗೆ ತೆಳ್ಳಗೆ ಬರುತ್ತದೆ. ಒಂದರ ತುದಿ ಅದಲು ಬದಲು ಮಾಡಿದರೆ ಸರಿ. ಸ್ಕ್ರೂಡ್ರೈವರ್ ಬದಿಗೆ ಜಾರದ ಹಾಗೆ ನೋಡಿಕೊಳ್ಳಿ. ಹಾಗೆ ಜಾರಿ ನನ್ನದೊಂದು ಸುರುಳಿ ತುಂಡಾಗಿದೆ. ಆ ತಂತಿಯ ದಪ್ಪ 0.06 ಮಿ.ಮೀ., ಹುಡುಕಿ ಬೆಸೆಯುವ ಮಾತೇ ಇಲ್ಲ.

ಹಳೆಯ ಪಿಕಪ್ ಬಿಚ್ಚುವ ಮುಂಚೆ ವೈರಿಂಗಿನ ಫೋಟೋ ತೆಗೆಯಿರಿ. 40 ವಾಟ್ ಐರನ್, 60/40 ಸೀಸದ ಬೆಸುಗೆ ಸಾಕು, ಕಿಟಕಿ ತೆರೆದಿರಲಿ. ಪಾಟಿನ ಬೆನ್ನಿಗೆ ಬೆಸೆಯುವಾಗ ಅಲ್ಲಿ ಮರಳುಕಾಗದದಿಂದ ಎರಡು ಸಲ ಉಜ್ಜಿ. ನಮ್ಮ ತೇವಕ್ಕೆ ಅಲ್ಲಿ ಪೊರೆ ಕಟ್ಟಿರುತ್ತದೆ, ಬೆಸುಗೆ ಹಿಡಿಯುವುದಿಲ್ಲ. ಬ್ರಿಡ್ಜಿನಿಂದ ಬರುವ ಅರ್ತಿ ತಂತಿಯನ್ನು ಮರೆಯಬೇಡಿ.

ಮೈ ಮುಚ್ಚುವ ಮೊದಲು ಆಂಪಿಗೆ ಸಿಕ್ಕಿಸಿ, ಸ್ವಿಚ್ಚಿನ ಒಂದೊಂದು ಜಾಗದಲ್ಲೂ ಕಂಬಗಳನ್ನು ಸ್ಕ್ರೂಡ್ರೈವರಿನಿಂದ ತಟ್ಟಿ ಕೇಳಿ. ಟಕ್ ಟಕ್ ಬಂದರೆ ತಂತಿ ಕಟ್ಟಿ, ಮೊದಲು ಹೇಳಿದ ಸಂದಿನ ಅಳತೆಗೆ ತಂದು, ಒಂದು ವಾರ ನುಡಿಸಿ. ಆ ಚೀಟಿ ತೆಗೆದು ಓದಿ. ಬರೆದಿಟ್ಟ ದೂರು ಹೋಗಿದ್ದರೆ ಆಯಿತು. ಹಳೆಯ ಪಿಕಪ್ಪನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿದು ಇಡಿ. ಹಾಗೇ ಬಿಟ್ಟರೆ ಆಗಸ್ಟ್ ಮುಗಿಯುವಷ್ಟರಲ್ಲಿ ಕಂಬಗಳಿಗೆ ತುಕ್ಕು ಹಿಡಿದಿರುತ್ತದೆ, ಮುಂದಿನ ಹಲಗೆ ಅಟ್ಟದಿಂದ ಇಳಿಯುವಾಗ ಅದು ಬೇಕಾಗುತ್ತದೆ.